ಓವನ್ನಿನಲ್ಲಿ ಬೆಂದುಹೋದ ಕಂತು

ಸಭ್ಯತೆಯಲ್ಲಿ ನನ್ನನ್ನು ಮೀರಿಸುವವರು ಯಾರ್ಕ್‌ಶೈರಿನ ಕಡಲ ದಂಡೆಯಲ್ಲಿ ಹುಟ್ಟಿಲ್ಲ. ಹುಟ್ಟಿದ್ದರೂ ಇಷ್ಟು ಹೊತ್ತಿಗೆ ನನಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಿರುತ್ತಾರೆ! ಇಗರ್ಜಿಯ ಬಾಗಿಲಲ್ಲಿ "ನೀವು ಮೊದಲು", "ಛೆ ಛೆ, ನೀವು ಮೊದಲು" ಎಂದು ಪಾದ್ರಿಗಳೊಡನೆ ವಾದಕ್ಕೆ ನಿಂತು, ಇಬ್ಬರೂ ಮಳೆಯಲ್ಲಿ ತೊಯ್ದು, ಇಬ್ಬರೂ ವಾರವಿಡೀ ಸೀನಿದ ಕಥೆ ನಮ್ಮ ಹಾರ್ನ್‌ಕ್ಲಿಫ್ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಜೀವಮಾನವೆಲ್ಲ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ಈ ಕ್ಲೆಮೆಂಟ್ ಹೇಗ್, ಆ ಶನಿವಾರ ಬೆಳಿಗ್ಗೆ ಹೆಂಡತಿಯ ಎದುರಿಗೆ ನಿಂತು ಒಂದು ಮಹಾಪ್ರತಿಜ್ಞೆ ಮಾಡಿದ.

"ಬೆರಿಲ್, ಇವತ್ತು ಮಿಸ್ ಗ್ರೇವಿಲ್ ನಮ್ಮ ಮನೇಲಿ ಇರೋಷ್ಟು ಹೊತ್ತು ಆ ಧಾರಾವಾಹಿಯ ಸುದ್ದಿ ನಾನು ಎತ್ತಲ್ಲ. ಅವರು ಯಾರು ಅಂತ ನಮಗೆ ಗೊತ್ತು ಅನ್ನೋದನ್ನ ನನ್ನ ರೆಪ್ಪೆ ಕೂಡ ಹೇಳಲ್ಲ!"

"ರೆಪ್ಪೆ ಹೇಳಲ್ಲ ಮಾರಾಯ, ಕಿವಿ ಹೇಳುತ್ತೆ. ಸುಳ್ಳು ಹೇಳೋವಾಗ ನಿನ್ನ ಕಿವಿ ಬೀಟ್‌ರೂಟ್ ಆಗುತ್ತಲ್ಲ, ಅದಕ್ಕೇನು ಮಾಡ್ತೀಯ? ಟೋಪಿ ಹಾಕ್ಕೊಂಡು ಚಹಾ ಕುಡೀತೀಯಾ?"

ಆ ಧಾರಾವಾಹಿಯ ವಿಚಾರ ಹೇಳಬೇಕು. ನಮ್ಮ ಯೌವನದಲ್ಲಿ ಶನಿವಾರ ಸಂಜೆ ಟೀವಿಯಲ್ಲಿ 'ಕಳೆದ ಕೊಡೆ' ಎಂಬ ಹಾಸ್ಯ ಧಾರಾವಾಹಿ ಬರುತ್ತಿತ್ತು. ಆ ಹೊತ್ತಿನಲ್ಲಿ ಬೀದಿಯಲ್ಲಿ ಒಂದು ನಾಯಿಯೂ ಕಾಣುತ್ತಿರಲಿಲ್ಲ. ನಾಯಿಗಳೂ ಒಳಗೆ ಕುಳಿತು ನೋಡುತ್ತಿದ್ದವು. ರೈಲು ನಿಲ್ದಾಣದಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಕೂಡಿಡುವ ಒಂದು ಕೋಣೆ, ಅದರಲ್ಲಿ ಮೂವರು ಮೈಗಳ್ಳ ಗುಮಾಸ್ತರು. ಪ್ರತಿವಾರವೂ ಮಿಸ್ ಟಿಬಿಟ್ ಎಂಬ ತೆಳ್ಳನೆಯ ಹೆಂಗಸೊಬ್ಬಳು ಬಂದು, ಬಾತುಕೋಳಿಯ ತಲೆಯಂಥ ಹಿಡಿಯಿರುವ ತನ್ನ ಕೊಡೆ ಸಿಕ್ಕಿತೇ ಎಂದು ಕೇಳುವಳು. ಇಲ್ಲ ಎನ್ನುವರು. ಅವಳು ಕತ್ತು ನೆಟ್ಟಗೆ ಮಾಡಿ, "ಪರವಾಗಿಲ್ಲ, ನಾನು ಕಾಯ್ತೀನಿ" ಎಂದು ಬೆಂಚಿನ ಮೇಲೆ ಕುಳಿತುಬಿಡುವಳು. ಅಷ್ಟೇ! ಅಷ್ಟಕ್ಕೇ ಇಡೀ ದೇಶ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಬಸ್ಸು ತಡವಾದರೂ ಅದೇ ಮಾತು, ಹಲ್ಲಿನ ಡಾಕ್ಟರ ಬಳಿಯೂ ಅದೇ ಮಾತು. ನಾನು ಬೆರಿಲ್‌ಗೆ ಮದುವೆಯಾಗು ಎಂದು ಕೇಳಿದ ದಿನ ಆಕೆ, "ಯೋಚ್ನೆ ಮಾಡಿ ಹೇಳ್ತೀನಿ" ಎಂದಳು. ನಾನು ಕತ್ತು ನೆಟ್ಟಗೆ ಮಾಡಿ ಆ ಮಾತನ್ನೇ ಹೇಳಿದೆ. ನಕ್ಕುಬಿಟ್ಟಳು, ನಗುತ್ತಲೇ ಒಪ್ಪಿದಳು. ಹಾಗಾಗಿ ನಮ್ಮ ಮದುವೆ ಮಾಡಿಸಿದ ಪಾದ್ರಿಗಳಿಗಿಂತ ಮಿಸ್ ಟಿಬಿಟ್‌ಗೆ ನಾನು ಹೆಚ್ಚು ಋಣಿ.

ಅಂಥ ಮಿಸ್ ಟಿಬಿಟ್ ಕಳೆದ ವಸಂತದಲ್ಲಿ ನಮ್ಮ ಊರಿಗೇ ಬಂದು ನೆಲೆಸಿದರು! ಆ ನಟಿಯ ಸ್ವಂತ ಹೆಸರು ಹೆಸ್ಟರ್ ಗ್ರೇವಿಲ್. ಎಂಬತ್ತು ದಾಟಿದ್ದರೂ ಅದೇ ತೆಳ್ಳನೆಯ ಮೈ, ಅದೇ ನೆಟ್ಟನೆಯ ಕತ್ತು. ಗುಮಾಸ್ತರಾಗಿದ್ದ ಮೂವರು ನಟರೂ ಒಬ್ಬರ ಹಿಂದೊಬ್ಬರು ತೀರಿಕೊಂಡು, ಆ ತಂಡದಲ್ಲಿ ಉಳಿದವರು ಇವರೊಬ್ಬರೇ. ಗುಡ್ಡದ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದರು. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು. ಸಂಜೆಯೊಳಗೆ ಊರೆಲ್ಲ, ಸಭೆ ಸೇರದೆ, ಠರಾವು ಮಂಡಿಸದೆ, ಒಂದೇ ತೀರ್ಮಾನಕ್ಕೆ ಬಂತು: ಗೊತ್ತೇ ಇಲ್ಲದವರಂತೆ ಇದ್ದುಬಿಡಬೇಕು! ಪಾಪ, ದಣಿದ ಜೀವ, ನೆಮ್ಮದಿ ಹುಡುಕಿಕೊಂಡು ಬಂದಿದೆ, ಪೀಡಿಸಬಾರದು. ನಮ್ಮ ಜನರಲ್ಲಿ ಬೇರೆ ಯಾವ ಗುಣಕ್ಕೆ ಬರವಿದ್ದರೂ ಇನ್ನೊಬ್ಬರನ್ನು ಪೀಡಿಸದಿರುವ ಗುಣಕ್ಕೆ ಬರವಿಲ್ಲ. ನೆರೆಮನೆಗೆ ಬೆಂಕಿ ಬಿದ್ದರೂ, "ಊಟದ ಹೊತ್ತೇನೋ, ಮುಗಿಸಲಿ, ಆಮೇಲೆ ಹೇಳೋಣ" ಎನ್ನುವವರು ನಾವು!

ಒಮ್ಮೆ ಮಾಂಸದಂಗಡಿಯಲ್ಲಿ ಸಾಲಾಗಿ ನಿಂತಿದ್ದೆವು. ಅಂಗಡಿಯ ಆಕ್‌ರಾಯ್ಡ್, "ಸಾಸೇಜು ಇನ್ನೂ ತುಂಬ್ತಾ ಇದ್ದೀನಿ, ಅಮ್ಮಾ. ಸ್ವಲ್ಪ ತಡ ಆಗುತ್ತೆ" ಎಂದ. ಮಿಸ್ ಗ್ರೇವಿಲ್ ಸಾಲಿನ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿದರು. ಕತ್ತು ನೆಟ್ಟಗಾಯಿತು.

"ಪರವಾಗಿಲ್ಲ, ನಾನು ಕಾಯ್ತೀನಿ."

ಅದೇ ದನಿ! ಅದೇ ರಾಗ! ಸಾಲಿನಲ್ಲಿದ್ದ ನಾವೆಲ್ಲ ತಂತಮ್ಮ ಬೂಟುಗಳನ್ನು ನೋಡಿಕೊಂಡೆವು. ನಾನಂತೂ ಗಾಜಿನ ಹಿಂದಿದ್ದ ಕುರಿಯ ಈಲಿಯನ್ನು, ಅಂಕ ಕೊಡಲೋ ಬೇಡವೋ ಎಂದು ಉತ್ತರಪತ್ರಿಕೆ ನೋಡುವಂತೆ ದಿಟ್ಟಿಸಿದೆ. ಆಕ್‌ರಾಯ್ಡ್ ಹಿಂದಿನ ಕೋಣೆಗೆ ಓಡಿದ. ಅಲ್ಲಿ ಯಾರೋ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ಗೊಳ್ಳೆನ್ನುವ ಸದ್ದಾಯಿತು. ಹೊರಗೆ ಬಂದವನು ಕಣ್ಣೊರೆಸಿಕೊಳ್ಳುತ್ತ, "ನೆಗಡಿ" ಎಂದ. ನಾವಾರೂ ನಗಲಿಲ್ಲ. ಮಿಸ್ ಗ್ರೇವಿಲ್ ಸಾಸೇಜಿನ ಪೊಟ್ಟಣ ಹಿಡಿದು ಹೊರಟಾಗ ಅವರ ಕತ್ತು ಕೊಂಚ ಬಾಗಿದ್ದಂತೆ ಕಂಡಿತು. ವಯಸ್ಸು ಎಂದುಕೊಂಡೆ. ಅವರು ತಿರುವು ದಾಟುತ್ತಲೇ, ಎಷ್ಟು ಅಚ್ಚುಕಟ್ಟಾಗಿ ಅವರ ನೆಮ್ಮದಿಯನ್ನು ಕಾಪಾಡಿದೆವೆಂದು ನಾವು ಒಬ್ಬರ ಬೆನ್ನನ್ನೊಬ್ಬರು ತಟ್ಟಿದೆವು.

ಹೀಗೆ ವಸಂತ ಕಳೆಯಿತು, ಬೇಸಿಗೆ ಕಳೆಯಿತು, ಎಲೆ ಉದುರಿತು. ಆಗ ಸುದ್ದಿ ಬಂತು: ಮಿಸ್ ಗ್ರೇವಿಲ್ ಮನೆ ಬಿಡುತ್ತಾರಂತೆ, ಸೋಮವಾರ ತಂಗಿಯ ಮಗಳು ಬಂದು ದಕ್ಷಿಣಕ್ಕೆ ಕರೆದೊಯ್ಯುತ್ತಾಳಂತೆ. ಬೆರಿಲ್ ಅವರನ್ನು ಶನಿವಾರ ನಾಲ್ಕು ಗಂಟೆಗೆ ಚಹಾಕ್ಕೆ ಕರೆದಳು. ಊರಿನ ಮರ್ಯಾದೆಯನ್ನು ಕೊನೆಯ ಗಳಿಗೆಯವರೆಗೂ ಕಾಪಾಡುವ ಹೊಣೆ ನನ್ನ ಹೆಗಲಿಗೆ ಬಿತ್ತು!

ಆದರೆ ನಮ್ಮ ಮುಂದಿನ ಕೋಣೆಯೆಂದರೆ 'ಕಳೆದ ಕೊಡೆ'ಯ ವಸ್ತುಸಂಗ್ರಹಾಲಯ. ಗಾಜಿನ ಬೀರುವಿನಲ್ಲಿ ಧಾರಾವಾಹಿಯ ವಿಡಿಯೊ ಕ್ಯಾಸೆಟ್ಟುಗಳ ಸಾಲು. ಗುಮಾಸ್ತರ ಮುಖಗಳಿರುವ ಪಿಂಗಾಣಿ ಲೋಟ. ಚಹಾಪಾತ್ರೆ ಆರದಂತೆ ಮುಚ್ಚಲು ರೈಲ್ವೆ ಟೋಪಿಯ ಆಕಾರದಲ್ಲಿ ಹೆಣೆದ ಉಣ್ಣೆಯ ಕುಲಾವಿ. ಗೋಡೆಯ ಮೇಲೆ ಇಡೀ ತಂಡದ ದೊಡ್ಡ ಫೋಟೊ.

"ಬೆಳಿಗ್ಗೇನೇ ತೆಗೆದಿಡು" ಎಂದಳು ಬೆರಿಲ್.

"ಇತಿಹಾಸದ ಮೇಷ್ಟ್ರಿಗೆ ಕಾಲಪ್ರಜ್ಞೆ ಕಲಿಸ್ಬೇಡ. ಮೂರೂ ಕಾಲಿಗೆ ಶುರು ಮಾಡಿದ್ರೆ ಮೂರೂವರೆಗೆ ಮುಗಿಯುತ್ತೆ."

ತೆಗೆದಿಡುವ ಮುನ್ನ ಒಂದೊಂದನ್ನೇ ಕೊನೆಯದಾಗಿ ನೋಡುತ್ತ ಕುಳಿತದ್ದು ನನ್ನ ತಪ್ಪು. ಅದರಲ್ಲೂ ಆ ಕ್ರಿಸ್‌ಮಸ್ ಕಂತಿನ ಕ್ಯಾಸೆಟ್ಟು! ಮನೆಯಲ್ಲಿ ಯಾರ ಬಳಿಯೂ ರೆಕಾರ್ಡು ಮಾಡುವ ಯಂತ್ರವಿಲ್ಲದ ಕಾಲ ಅದು. ನಮ್ಮ ಶಾಲೆಗೆ ಮಾತ್ರ ಒಂದು ಬಂದಿತ್ತು, ಹೆಚ್ಚುಕಡಿಮೆ ಹಂದಿಯ ತೂಕ. 'ರಜೆಯಲ್ಲಿ ಪರೀಕ್ಷಿಸಿ ನೋಡುತ್ತೇನೆ' ಎಂದು ಹೆಡ್‌ಮಾಸ್ಟರಿಗೆ ಹೇಳಿ, ತೋಟದ ತಳ್ಳುಗಾಡಿಯಲ್ಲಿ ಹಿಮದ ಮೇಲೆ ತಳ್ಳಿಕೊಂಡು ಬಂದು, ಕ್ರಿಸ್‌ಮಸ್ಸಿನ ಮರುದಿನ ಆ ಕಂತನ್ನು ಹಿಡಿದಿಟ್ಟಿದ್ದೆ. ಮುಂದೆ ಸಹೋದ್ಯೋಗಿಯೊಬ್ಬ ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಟ್ಟ. ಆ ಒಂದೇ ಕಂತಿನಲ್ಲಿ ಮಿಸ್ ಟಿಬಿಟ್‌ಗೆ ಇಡೀ ಒಂದು ದೃಶ್ಯವಿತ್ತು. ಪ್ರತಿ ಕ್ರಿಸ್‌ಮಸ್ಸಿಗೂ ಪುಡಿಂಗ್ ಮುಗಿದ ಮೇಲೆ ನಾನೂ ಬೆರಿಲ್‌ಳೂ ಅದನ್ನು ನೋಡುವೆವು. ಅದರ ಮಾತುಗಳೆಲ್ಲ ನನಗೆ ಮಗ್ಗಿಯಂತೆ ಬಾಯಿಪಾಠ.

ಕ್ಯಾಸೆಟ್ಟು ಕೈಯಲ್ಲಿರುವಾಗಲೇ ಕರೆಗಂಟೆ ಸದ್ದಾಯಿತು. ಮೂರೂವರೆ! ಚಹಾಕ್ಕೆ ತಡವಾಗಿ ಬರುವವರನ್ನು ಕ್ಷಮಿಸಬಹುದು. ಬೇಗ ಬರುವವರನ್ನು ಎದುರಿಸಲು ನಮ್ಮ ದೇಶದಲ್ಲಿ ಯಾರಿಗೂ ತರಬೇತಿಯಿಲ್ಲ. ಬೆರಿಲ್ ಬಾಗಿಲ ಬಳಿ, "ಓ ಬನ್ನಿ ಬನ್ನಿ, ಏನೂ ಬೇಗ ಆಗಿಲ್ಲ!" ಎಂದು ಮುಗಿಲು ಮುಟ್ಟುವಂತೆ ಕೂಗುತ್ತಿದ್ದಳು, ಅದು ನನಗೆ ಕೊಟ್ಟ ಎಚ್ಚರಿಕೆ. ಕ್ಯಾಸೆಟ್ಟು, ಲೋಟ, ಕುಲಾವಿ ಎಲ್ಲವನ್ನೂ ಎದೆಗವಚಿಕೊಂಡು ಅಡುಗೆಮನೆಗೆ ಓಡಿದೆ. ಒಂದು ಕಪಾಟು ತೆರೆದೆ: ತಟ್ಟೆಗಳು. ಇನ್ನೊಂದು ತೆರೆದೆ: ಬಾಣಲೆಯೊಂದು ಕಾಲ ಮೇಲೆ ಬಿತ್ತು. ಓವನ್ ತೆರೆದೆ: ಖಾಲಿ! ತಣ್ಣಗಿದೆ! ವಿಶಾಲವಾಗಿದೆ! ಯಾವ ಜಾಣ ಇಂಥ ಜಾಗ ಕಟ್ಟಿದನೋ ಎಂದು ಹರಸಿ, ಎಲ್ಲವನ್ನೂ ಒಳಗೆ ತುರುಕಿ ಬಾಗಿಲು ಮುಚ್ಚಿದೆ.

ಫೋಟೊ ಮಾತ್ರ ಉಳಿಯಿತು. ಅದನ್ನು ಗೋಡೆಗೆ ತಿರುಪು ಹಾಕಿ ಬಿಗಿದಿದ್ದೆ. ಓಡಿಬಂದು ಅದಕ್ಕೆ ಬೆನ್ನು ಕೊಟ್ಟು ನಿಂತೆ. ಮಿಸ್ ಗ್ರೇವಿಲ್ ಒಳಗೆ ಬಂದು ಕುಳಿತರು.

"ಕೂತ್ಕೊಳ್ಳಿ, ಮಿಸ್ಟರ್ ಹೇಗ್."

"ಸೊಂಟ ನೋವು, ಮಿಸ್ ಗ್ರೇವಿಲ್. ನಿಂತ್ರೇ ಹಾಯಿ."

"ಮೊನ್ನೆ ಕಡಲ ಹತ್ರ ಬೆಂಚ್ ಮೇಲೆ ಕೂತಿದ್ರಲ್ಲ?"

"ಆ ಬೆಂಚಿನ ಜಾತಿ ಬೇರೆ."

ಬೆರಿಲ್ ಅವರ ಕೈಗೆ ಚಹಾದ ಬಟ್ಟಲು ಕೊಡುತ್ತ ನಡುವೆ ಬಾಯಿ ಹಾಕಿದಳು. "ಕ್ಷಮಿಸಿ, ಸ್ಕೋನ್ ಇನ್ನೂ ಓವನ್‌ಗೇ ಹೋಗಿಲ್ಲ. ಹಿಟ್ಟು ಕಲಸಿಟ್ಟಿದ್ದೀನಿ ಅಷ್ಟೆ."

ಮಿಸ್ ಗ್ರೇವಿಲ್ ಬಟ್ಟಲನ್ನು ಕೆಳಗಿಟ್ಟರು. ಬೆರಿಲ್‌ಳ ಮುಖ ನೋಡಿದರು, ಆಮೇಲೆ ನನ್ನ ಮುಖ. ಕತ್ತು ನಿಧಾನವಾಗಿ ನೆಟ್ಟಗಾಯಿತು.

"ಪರವಾಗಿಲ್ಲ, ನಾನು ಕಾಯ್ತೀನಿ."

ಬೆರಿಲ್ ಕೆಮ್ಮುತ್ತ, ಓವನ್ ಹಚ್ಚಿ ಬರುತ್ತೇನೆಂದು ಎದ್ದುಹೋದಳು. ನನ್ನ ಕಿವಿಗಳು ಕೆಂಡವಾಗಿದ್ದವು. ನಗು ಹೊಟ್ಟೆಯೊಳಗೆ ಕೋಣದಂತೆ ಗುಮ್ಮುತ್ತಿತ್ತು. ಆ ಗುದ್ದಾಟದಲ್ಲಿ ಬೆರಿಲ್ ಏನು ಹೇಳಿ ಹೋದಳೆಂಬುದು ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅವಳು ಮರಳಿ ಬಂದು ಕುಳಿತಳು.

"ನಾನು ಹಿಂದೆ ನಟನೆ ಮಾಡ್ತಿದ್ದೆ" ಎಂದರು ಮಿಸ್ ಗ್ರೇವಿಲ್.

"ಓಹೋ! ಹೌದಾ!" ಎಂದೆ. "ಹವ್ಯಾಸಕ್ಕಾ?"

"ಟೀವಿಯಲ್ಲಿ ಬರ್ತಿದ್ದೆ."

"ನಾವು ಟೀವಿ ನೋಡೋದೇ ಅಪರೂಪ. ಇವತ್ತು ಗಾಳಿ ನೋಡಿದ್ರಾ? ಉತ್ತರದ ಗಾಳಿ."

"ಹೌದು. ಉತ್ತರದ್ದೇ" ಎಂದರು ಅವರು. ಸಕ್ಕರೆ ಹಾಕದ ಚಹಾವನ್ನು ಬಹಳ ಹೊತ್ತು ಕಲಕಿದರು. ನಾನು ಒಳಗೊಳಗೇ ಉಬ್ಬುತ್ತಿದ್ದೆ. ಎಂಥ ಸಂಯಮ! ಎಂಥ ಸಭ್ಯತೆ!

ಆಗ ವಾಸನೆ ಬಂತು. ಮೂವರಿಗೂ ಬಂತು, ಮೂವರೂ ಹೇಳಲಿಲ್ಲ. ಮಿಸ್ ಗ್ರೇವಿಲ್ ಕೊನೆಗೆ, "ಸ್ಕೋನ್ ಘಮಘಮ ಅಂತಿದೆ" ಎಂದರು. ಮಹಾತಾಯಿ! ಟೈರು ಸುಟ್ಟ ಹಾಗೆ ನಾರುತ್ತಿತ್ತು.

"ಸ್ಕೋನ್ ಇನ್ನೂ ಇಟ್ಟೇ ಇಲ್ಲವಲ್ಲ" ಎಂದಳು ಬೆರಿಲ್, ಮೂಗು ಅರಳಿಸುತ್ತ. "ಬರೀ ಓವನ್ ಬಿಸಿಯಾಗ್ತಾ ಇದೆ."

ಓವನ್!

ನಾನು ಹಾರಿದೆ. ಸೊಂಟನೋವು, ಫೋಟೊ, ಪ್ರತಿಜ್ಞೆ ಎಲ್ಲವನ್ನೂ ಗೋಡೆಯ ಬಳಿಯೇ ಬಿಟ್ಟು ಹಾರಿದೆ. ಅಡುಗೆಮನೆಯಲ್ಲಿ ಕಪ್ಪು ಹೊಗೆ. ಓವನ್ನಿನ ಬಾಗಿಲು ತೆರೆದರೆ, ಕ್ಯಾಸೆಟ್ಟುಗಳೆಲ್ಲ ಒಂದರೊಳಗೊಂದು ಕರಗಿ, ಜಾಲರಿಯಿಂದ ಎಳೆ ಎಳೆಯಾಗಿ ಇಳಿದು, ತಳದಲ್ಲಿ ಕಾಕಂಬಿಯಂತೆ ಕುದಿಯುತ್ತಿದ್ದವು. ಉಣ್ಣೆಯ ಕುಲಾವಿ ಬೂದಿ. ಪಿಂಗಾಣಿ ಲೋಟ ಮಾತ್ರ ಗಟ್ಟಿಯಾಗಿ ನಿಂತಿತ್ತು. ಅದರ ಮೇಲಿನ ಮೂವರು ಗುಮಾಸ್ತರು ನನ್ನನ್ನು ನೋಡಿ ನಗುತ್ತಲೇ ಇದ್ದರು.

"ಓವನ್ನಲ್ಲಿ ಯಾರಾದ್ರೂ ಕ್ಯಾಸೆಟ್ ಇಡ್ತಾರೇನೋ!" ಎಂದು ಬೆರಿಲ್ ಚೀರಿದಳು.

"ಒಳಗೆ ನೋಡದೆ ಯಾರಾದ್ರೂ ಹಚ್ತಾರೇನೇ?"

"ಮದುವೆಯಾದಾಗಿಂದ ಅದರೊಳಗೆ ನಾನಿಟ್ಟದ್ದು ಬಿಟ್ಟು ಬೇರೇನೂ ಇದ್ದದ್ದಿಲ್ಲ! ನೀನು ಒಂದು ದಿನ ಆದ್ರೂ ಅಡುಗೆಮನೆ ಕಡೆ ತಲೆ ಹಾಕಿದ್ರೆ ಅದು ಯಾತಕ್ಕಿರೋದು ಅಂತ ಗೊತ್ತಿರ್ತಿತ್ತು!"

"ಆ ಗೋಡೆ ಮೇಲಿನ ಫೋಟೊದಲ್ಲಿ ನಾನಿದ್ದೀನಿ" ಎಂಬ ದನಿ ಹಿಂದಿನಿಂದ ಕೇಳಿಸಿತು.

ಮಿಸ್ ಗ್ರೇವಿಲ್ ಬಾಗಿಲಲ್ಲಿ ನಿಂತಿದ್ದರು. ನಾವಿಬ್ಬರೂ ಹೊಗೆಯಲ್ಲಿ ಕೆಮ್ಮುತ್ತ, ಕದ್ದು ಸಿಕ್ಕಿಬಿದ್ದ ಶಾಲೆಯ ಮಕ್ಕಳಂತೆ ಅವರ ಮುಂದೆ ನಿಂತೆವು.

"ನಾನು ಯಾರು ಅಂತ ನಿಮಗೆ ಗೊತ್ತಿತ್ತಾ?"

"ನೀವು ಬಂದ ದಿನವೇ ಗೊತ್ತಿತ್ತು" ಎಂದಳು ಬೆರಿಲ್.

"ಬೇರೆಯವರಿಗೆ?"

"ಊರಿಗೆಲ್ಲ."

"ಆ ಮಾಂಸದಂಗಡಿಯವನಿಗೆ?"

"ಅವನು ನಕ್ಕೂ ನಕ್ಕೂ ಆ ದಿನ ಸಾಸೇಜಿಗೆ ಉಪ್ಪು ಎರಡು ಸಲ ಹಾಕಿದ್ದ."

"ಅದಕ್ಕೇ ಅಷ್ಟು ಉಪ್ಪಾಗಿತ್ತು" ಎಂದರು ಮಿಸ್ ಗ್ರೇವಿಲ್. ಅಡುಗೆಮನೆಯ ಕುರ್ಚಿಯ ಮೇಲೆ ಮೆಲ್ಲನೆ ಕುಳಿತರು. "ಮತ್ತೆ ಯಾಕೆ ಒಬ್ಬರೂ ಒಂದು ಮಾತು ಹೇಳ್ಲಿಲ್ಲ? ನಾನು ಬೇಕಂತಲೇ ಹೋದಲ್ಲೆಲ್ಲ ಆ ಮಾತು ಹೇಳ್ತಿದ್ದೆ. ಬ್ಯಾಂಕಲ್ಲಿ ಹೇಳಿದೆ. ಅಂಚೆ ಕಚೇರೀಲಿ ಹೇಳಿದೆ. ಯಾರೂ ತಿರುಗಿ ಕೂಡ ನೋಡ್ಲಿಲ್ಲ. ಸರಿ, ಮರೆತೇಬಿಟ್ಟಿದ್ದಾರೆ, ಇಲ್ಲಿದ್ದು ಏನು ಮಾಡ್ಲಿ ಅಂತ ಮನೆ ಬಿಟ್ಟುಕೊಟ್ಟೆ."

"ನಿಮಗೆ ತೊಂದರೆ ಆಗಬಾರದು ಅಂತ..." ಎಂದು ನಾನು ತೊದಲಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ಆ ಮಾತು ನನ್ನ ಬಾಯಲ್ಲಿ ನನಗೇ ಕಹಿಯಾಯಿತು. "ಮನೆ ವಾಪಸ್ ಕೇಳಬಹುದಲ್ಲ?"

"ಬೇರೆಯವರು ಹಿಡಿದಾಯ್ತು, ಮಿಸ್ಟರ್ ಹೇಗ್. ಸೋಮವಾರ ಕಾರು ಬರುತ್ತೆ."

ಅವರು ಓವನ್ನಿನತ್ತ ನೋಡಿದರು. ಕಾಕಂಬಿಯ ಮೇಲೆ ತೇಲುತ್ತಿದ್ದ ಒಂದು ಚೀಟಿಯ ಚೂರಿನಲ್ಲಿ 'ಕ್ರಿಸ್‌ಮಸ್' ಎಂಬ ನನ್ನ ಅಕ್ಷರ ಇನ್ನೂ ಕಾಣುತ್ತಿತ್ತು.

"ಅದೇನು?"

"ಕ್ರಿಸ್‌ಮಸ್ ಕಂತು" ಎಂದೆ. "ನಿಮ್ಮ ಕೊಡೆ ಸಿಗುತ್ತಲ್ಲ, ಅದು. ಹೋಗಲಿ ಬಿಡಿ, ಟೀವಿ ಕಂಪನಿಯವರ ಹತ್ತಿರ ಇದ್ದೇ ಇರುತ್ತೆ. ಬರೆದು ತರಿಸಿಕೊಂಡ್ರಾಯ್ತು."

ಮಿಸ್ ಗ್ರೇವಿಲ್ ಮುಂದಕ್ಕೆ ಬಾಗಿ ಆ ಚೀಟಿಯ ಚೂರನ್ನೇ ನೋಡಿದರು.

"ಅವರ ಹತ್ರ ಇಲ್ಲ" ಎಂದರು. "ಆಗೆಲ್ಲ ಟೇಪು ದುಬಾರಿ. ಒಂದು ಸಲ ಬಂದು ಹೋದ ಮೇಲೆ ಅಳಿಸಿ, ಅದರ ಮೇಲೇ ಬೇರೆ ಏನಾದ್ರೂ ಹಿಡೀತಿದ್ರು. ಆ ಕಂತಿನ ಮೇಲೆ ಕುದುರೆ ಜೂಜು ಹಿಡಿದ್ರಂತೆ. ಎಲ್ಲೂ ಇಲ್ಲ. ನಾನೂ ನೋಡಿಲ್ಲ. ಅದು ಟೀವಿಯಲ್ಲಿ ಬಂದ ಸಂಜೆ ನಾನು ಬೇರೆ ಊರಲ್ಲಿದ್ದೆ. ಮಕ್ಕಳ ಕ್ರಿಸ್‌ಮಸ್ ನಾಟಕದಲ್ಲಿ ಹಸು ಆಗಿದ್ದೆ. ಇಬ್ಬರು ಒಳಗೆ ಹೊಕ್ಕು ಕುಣಿಯೋ ವೇಷ ಅದು, ನಾನು ಹಿಂಭಾಗ. ವರ್ಷವಿಡೀ ಒಂದು ಸಾಲು ಹೇಳಿದವಳಿಗೆ ಒಂದೇ ಒಂದು ದೃಶ್ಯ ಕೊಟ್ಟಿದ್ರು. ಚೆನ್ನಾಗಿ ಮಾಡಿದ್ನೋ ಇಲ್ವೋ ಕೇಳೋಣ ಅಂದ್ರೆ, ಜೊತೇಲಿದ್ದ ಆ ಮೂರು ಜನಾನೂ ಈಗಿಲ್ಲ."

ವಾಚಕರೇ, ಕುರುಕ್ಷೇತ್ರ ಮುಗಿದ ಮೇಲೆ ಧರ್ಮರಾಯ ಹೇಗೆ ನಿಂತಿದ್ದನೋ ನಾನರಿಯೆ. ನಾನು ಮಾತ್ರ ಓವನ್ನಿನ ಕೈಗವಸು ತೊಟ್ಟು ನಿಂತಿದ್ದೆ. ಪ್ರಪಂಚದಲ್ಲಿ ಉಳಿದಿದ್ದ ಒಂದೇ ಪ್ರತಿ! ಅದು ಅವರ ಕುರ್ಚಿಯಿಂದ ಕೈಗೆಟಕುವ ಬೀರುವಿನಲ್ಲಿತ್ತು. ವಸಂತದಲ್ಲಿ ಬಾಗಿಲು ತಟ್ಟಿ 'ನಮಸ್ಕಾರ, ನಾವು ನಿಮ್ಮ ಅಭಿಮಾನಿಗಳು' ಎಂದಿದ್ದರೆ ಆ ಸಂಜೆಯೇ ನೋಡಬಹುದಿತ್ತು. ಬಚ್ಚಿಡದೆ ಬಿಟ್ಟಿದ್ದರೂ ಸಾಕಿತ್ತು. ಕಂಪನಿಯವರು ಅರಿಯದೆ ಅಳಿಸಿದರು; ನಾನು ಗೌರವದಿಂದ ಬೇಯಿಸಿದೆ.

"ಚೆನ್ನಾಗಿ ಮಾಡಿದ್ರಿ" ಎಂದಳು ಬೆರಿಲ್ ಥಟ್ಟನೆ. "ಪ್ರತಿ ವರ್ಷ ನೋಡಿದ್ದೀವಿ. ನಗ್ತಾ ನಗ್ತಾ ಕೊನೇಲಿ ನಾನು ಅಳ್ತಿದ್ದೆ. ಇವನೂ ಅಳ್ತಿದ್ದ, ಪುಡಿಂಗ್ ಖಾರ ಅಂತಿದ್ದ. ಕ್ಲೆಮೆಂಟ್, ನಿನಗೆ ಬಾಯಿಪಾಠ ಇದೆಯಲ್ಲ? ಮಾಡಿ ತೋರಿಸು!"

"ನಾನೇ? ಮಿಸ್ ಟಿಬಿಟ್ ಪಾತ್ರ? ಮಿಸ್ ಟಿಬಿಟ್ ಎದುರಿಗೇ?"

"ಸುಟ್ಟವನು ನೀನೇ ತಾನೆ? ಹೂಂ, ಹಿಡಿ ಕೊಡೆ."

ಕೊಡೆಯ ಬದಲು ಮೂಲೆಯ ಪೊರಕೆ ಕೊಟ್ಟಳು. ತಾನು ಅಡುಗೆಮನೆಯ ಮೇಜಿನ ಹಿಂದೆ ಗುಮಾಸ್ತನಾಗಿ ನಿಂತಳು. ಹೊಗೆ ಹೋಗಲೆಂದು ಹಿತ್ತಿಲ ಬಾಗಿಲು ತೆರೆದಿತ್ತು. ಉತ್ತರದ ಗಾಳಿ ನಿಜವಾಗಿಯೂ ಕೊರೆಯುತ್ತಿತ್ತು. ನಾನು ಕತ್ತು ನೆಟ್ಟಗೆ ಮಾಡಿದೆ.

ದೃಶ್ಯ ಇಷ್ಟೇ. ಕೊಡೆ ಸಿಕ್ಕಿರುತ್ತದೆ. ಗುಮಾಸ್ತ ಹೆಮ್ಮೆಯಿಂದ ತಂದು ಕೊಡುತ್ತಾನೆ. ಮಿಸ್ ಟಿಬಿಟ್ ಬಾತುಕೋಳಿಯ ತಲೆಯನ್ನು ಸವರುತ್ತಾಳೆ, ಅದಕ್ಕೆ ವಾರವಾರದ ಸುದ್ದಿಯನ್ನೆಲ್ಲ ಹೇಳುತ್ತಾಳೆ. ಬಾಗಿಲವರೆಗೆ ಹೋಗುತ್ತಾಳೆ. ನಿಂತು ಬೆಂಚನ್ನು ನೋಡುತ್ತಾಳೆ, ಬೆಚ್ಚನೆಯ ಒಲೆಯನ್ನು ನೋಡುತ್ತಾಳೆ, ಆ ಮೂವರು ಮೈಗಳ್ಳರನ್ನು ನೋಡುತ್ತಾಳೆ. ಕೊಡೆ ಸಿಕ್ಕ ಮೇಲೆ ಇಲ್ಲಿಗೆ ಬರಲು ಅವಳಿಗೆ ನೆಪವೇನಿದೆ? ತಿರುಗಿ ಬಂದು ಕೊಡೆಯನ್ನು ಮೇಜಿನ ಮೇಲಿಡುತ್ತಾಳೆ. "ಇದು ನನ್ನದಲ್ಲ" ಎನ್ನುತ್ತಾಳೆ. "ಪರವಾಗಿಲ್ಲ, ನಾನು ಕಾಯ್ತೀನಿ."

ನಾನು ಪೊರಕೆಯ ತಲೆ ಸವರಿದೆ, ಸುದ್ದಿ ಹೇಳಿದೆ, ಹಿತ್ತಿಲ ಬಾಗಿಲವರೆಗೆ ಹೋಗಿ ಬಂದೆ, ಕೊನೆಯ ಮಾತು ಹೇಳಿ ತರಕಾರಿ ಬುಟ್ಟಿಯ ಮೇಲೆ ಕುಳಿತೆ. ಕೈಗವಸನ್ನು ಕಳಚಲು ಮರೆತಿದ್ದೆ. ಬೆರಿಲ್ ಮೂಗೊರೆಸಿಕೊಂಡಳು.

ಮಿಸ್ ಗ್ರೇವಿಲ್ ಎರಡೂ ಕೈಗಳನ್ನು ಮಡಿಲಲ್ಲಿಟ್ಟು, ಮೊದಲ ಸಾಲಿನ ಪ್ರೇಕ್ಷಕರಂತೆ ಕುಳಿತಿದ್ದರು. 

"ಒಂದು ತಪ್ಪಾಯ್ತು" ಎಂದರು. "'ನನ್ನದಲ್ಲ' ಅಂದ ಮೇಲೆ ನಿಲ್ಲಿಸ್ಬೇಕು. ಅಲ್ಲಿ ಜನ ನಗ್ತಾರೆ. ಆ ನಗು ಮುಗಿಯೋವರೆಗೂ ಕಾದು, ಆಮೇಲೆ ಕೊನೇ ಮಾತು. ನೀವು ಕಾಯಲೇ ಇಲ್ಲ."

"ನೋಡಿದ್ರಾ ಇವನ ಬುದ್ಧಿ!" ಎಂದಳು ಬೆರಿಲ್. "ಬಾಯಿ ಬಿಡಬೇಕಾದಾಗ ವಸಂತದಿಂದ ಚಳಿಗಾಲದವರೆಗೂ ಕಾದ. ಕಾಯಬೇಕಾದಾಗ ಒಂದು ಉಸಿರಿನಷ್ಟೂ ಕಾಯಲಿಲ್ಲ!"

ಆಗ ಮಿಸ್ ಗ್ರೇವಿಲ್ ನಕ್ಕರು. ಬೆರಿಲ್‌ಳೂ ನಕ್ಕಳು. ಅವರ ನಗು ಕಂಡು, ಈ ಮೂರ್ಖನಿಗೆ ಅಷ್ಟೆಲ್ಲ ಆದ ಮೇಲೂ ಸ್ವಲ್ಪ ಜಂಬ ಬಂತು. ನಾಟಕದಲ್ಲಿ ನಾನೂ ಅಷ್ಟು ಕಡಿಮೆಯವನಲ್ಲ ಎನಿಸಿತು. ಬುಟ್ಟಿಯಿಂದೆದ್ದು ಅಂಟಿದ್ದ ಈರುಳ್ಳಿ ಸಿಪ್ಪೆ ಕೊಡವಿಕೊಂಡು ಕೇಳಿಯೇಬಿಟ್ಟೆ:

"ಅದೊಂದು ಬಿಟ್ಟರೆ, ಮಿಸ್ ಗ್ರೇವಿಲ್, ಮಿಕ್ಕಿದ್ದು ಟೀವಿಯಲ್ಲಿ ಬಂದ ಹಾಗೇ ಇತ್ತು, ಅಲ್ವೇ?"

"ನನಗೇನು ಗೊತ್ತು, ಮಿಸ್ಟರ್ ಹೇಗ್?" ಎಂದರು ಅವರು, ಕಣ್ಣೊರೆಸಿಕೊಳ್ಳುತ್ತ. "ನಾನು ಹಸುವಿನ ಒಳಗಿದ್ದೆ."